ಅಬ್ಬಿಯ ದಾರಿಯಲ್ಲಿ ಒಂದು ಲೋಟ ಕಾಫಿ

‘ಗೂಗಲ್ ಮ್ಯಾಪ್ ಇದೆ, ಯೂಟ್ಯೂಬ್ ವಿಡಿಯೊ ಇದೆ. ಜಲಪಾತ ನೋಡೋಕೆ ಗೈಡ್‌ಗೆ ಯಾಕೆ ದುಡ್ಡು ಕೊಡ್ಬೇಕು?’

ಚಾರಣಕ್ಕೆ ಹೊರಡುವ ಯಾವ ಗ್ಯಾಂಗ್‌ನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಾದರೂ ಈ ಪ್ರಶ್ನೆ ಒಮ್ಮೆ ಬಂದೇ ಬರುತ್ತದೆ. ನಮ್ಮ ಗ್ರೂಪಿನಲ್ಲೂ ಬಂತು. ಪದವಿ ಮುಗಿಸಿದ ಏಳು ಜನ ನಾವು. ಒಬ್ಬನಿಗೆ ಆಫರ್ ಲೆಟರ್ ಬಂದು ಎಂಟು ತಿಂಗಳಾದರೂ ಕೆಲಸಕ್ಕೆ ಸೇರುವ ದಿನಾಂಕ ಬಂದಿಲ್ಲ. ಇಬ್ಬರು ಕೆಪಿಎಸ್‌ಸಿ ಪುಸ್ತಕಗಳ ನಡುವೆ ಮುಳುಗಿದ್ದಾರೆ. ತುಮಕೂರಿನ ಗೆಳತಿ ಬಿ.ಇಡಿ ಅರ್ಜಿ ಹಾಕಿ ಕಾಯುತ್ತಿದ್ದಾಳೆ. ಇಂಥವರ ಜೇಬಿನಲ್ಲಿ ಪ್ರತಿ ನೂರು ರೂಪಾಯಿಗೂ ಲೆಕ್ಕ ಇರುತ್ತದೆ. ಹಾಗಾಗಿ ಪ್ರಶ್ನೆ ತಪ್ಪೇನಲ್ಲ. ಅದಕ್ಕೆ ಉತ್ತರ ಸಿಕ್ಕಿದ್ದು ಡಿಸೆಂಬರಿನ ಒಂದು ದಿನ, ಚಿಕ್ಕಮಗಳೂರು ಜಿಲ್ಲೆಯ ಬಲ್ಲಾಳರಾಯನ ದುರ್ಗ ಮತ್ತು ಬಂಡಾಜೆ ಜಲಪಾತದ ದಾರಿಯಲ್ಲಿ.

ಕೊಟ್ಟಿಗೆಹಾರದಿಂದ ಶುರು

ಮೂಡಿಗೆರೆ ಎಂದರೆ ಓದುವ ಹುಡುಗರಿಗೆ ಮೊದಲು ನೆನಪಾಗುವುದು ಪೂರ್ಣಚಂದ್ರ ತೇಜಸ್ವಿ. ಅಲ್ಲೇ ಕಾಫಿ ಬೆಳೆದರು, ಅಲ್ಲೇ ಕೂತು ಬರೆದರು. ಮೂಡಿಗೆರೆ ದಾಟಿ ಕೊಟ್ಟಿಗೆಹಾರ ತಲುಪಿದರೆ ಅವರ ಹೆಸರಿನ ಪ್ರತಿಷ್ಠಾನವಿದೆ. ಅಲ್ಲಿಂದ ಒಂದು ರಸ್ತೆ ಚಾರ್ಮಾಡಿ ಘಾಟಿ ಇಳಿದು ಕರಾವಳಿಗೆ ಹೋಗುತ್ತದೆ, ಇನ್ನೊಂದು ಕಳಸ, ಹೊರನಾಡಿನ ಕಡೆ ತಿರುಗುತ್ತದೆ. ಕೊಟ್ಟಿಗೆಹಾರದ ಪುಟ್ಟ ಹೋಟೆಲುಗಳ ನೀರ್‌ದೋಸೆ ಬಹಳ ಫೇಮಸ್ಸು. ಬಿಸಿ ನೀರ್‌ದೋಸೆ, ಕಾಯಿಚಟ್ನಿ ತಿಂದು ಕಳಸದ ರಸ್ತೆ ಹಿಡಿದು ಸುಂಕಸಾಲೆ ಕಡೆಗೆ ಹೊರಟೆವು.

ಅಲ್ಲಿ ಕಾಯುತ್ತಿದ್ದವರು ನಮ್ಮ ಗೈಡ್. ಇಪ್ಪತ್ತಾರರ ಹರೆಯ. ಹವಾಯಿ ಚಪ್ಪಲಿ, ಹೆಗಲಿಗೆ ಹಳೇ ಬ್ಯಾಗು, ಸೊಂಟಕ್ಕೆ ಕತ್ತಿ. ನಾವು ಏಳು ಜನ ಬ್ರ್ಯಾಂಡೆಡ್ ಶೂ ಹಾಕಿಕೊಂಡು ಅವರ ಚಪ್ಪಲಿಯನ್ನೇ ನೋಡುತ್ತಿದ್ದೆವು. ‘ಸರ್’, ‘ಮೇಡಂ’ ಎಂದು ಮಾತು ಶುರು ಮಾಡಿದವರು ಅರ್ಧ ಗಂಟೆಯೊಳಗೆ ‘ಎಂತ ಮಾರಾಯ್ರೇ’ಗೆ ಬಂದರು. ನಮಗೂ ಅವರು ‘ಅಣ್ಣ’ ಆದರು. ಬಿ.ಕಾಂ ಓದಿ, ಬೆಂಗಳೂರಿನ ಕಂಪನಿಯೊಂದರಲ್ಲಿ ಎರಡು ವರ್ಷ ಲೆಕ್ಕಪತ್ರ ನೋಡಿ, ಅಪ್ಪನಿಗೆ ಆರೋಗ್ಯ ಕೈಕೊಟ್ಟಾಗ ಊರಿಗೆ ಮರಳಿದವರು. ಮನೆಗೆ ಎರಡು ಎಕರೆ ಕಾಫಿ ಇದೆ. ಉಳಿದ ದಿನ ಚಾರಣಿಗರ ಜೊತೆ ಗುಡ್ಡ ಹತ್ತುತ್ತಾರೆ.

ಹೊರಡುವ ಮುನ್ನ ಅವರು ಮಾಡಿದ ಮೊದಲ ಕೆಲಸ ಎರಡು ಫೋನ್ ಕರೆ. ‘ಆನೆ ಎಲ್ಲಿದೆ?’ ಎಂದು ಕೇಳಿ ತಿಳಿದುಕೊಂಡರು. ನಿನ್ನೆ ರಾತ್ರಿ ಪಕ್ಕದ ತೋಟಕ್ಕೆ ಬಂದದ್ದು ಬೆಳಗಿನ ಜಾವ ಕೆಳಗಿನ ಕಡೆ ಇಳಿದಿದೆ ಎಂಬ ಸುದ್ದಿ ಸಿಕ್ಕಿದ ಮೇಲೆಯೇ ಕಾಲು ಮುಂದಿಟ್ಟರು. ಮ್ಯಾಪ್‌ನಲ್ಲಿ ದಾರಿ ಇತ್ತು ನಿಜ. ಆನೆ ಇರಲಿಲ್ಲ.

ತೋಟದೊಳಗಿನ ಪಾಠ

ಮೊದಲ ಒಂದು ಗಂಟೆ ನಡೆದದ್ದು ಕಾಫಿ ತೋಟದೊಳಗೆ. ಹೊರಗಿನಿಂದ ನೋಡಿದರೆ ಅದು ತೋಟವೋ ಕಾಡೋ ಗೊತ್ತಾಗುವುದಿಲ್ಲ. ಮೇಲೆ ಹಲಸು, ಅತ್ತಿ, ನಂದಿ, ಹಾಲವಾಣ, ಸಿಲ್ವರ್ ಓಕ್. ಆ ಮರಗಳಿಗೆ ಹಬ್ಬಿದ ಕಾಳುಮೆಣಸಿನ ಬಳ್ಳಿ. ಕೆಳಗೆ ಎದೆಮಟ್ಟದ ಕಾಫಿ ಗಿಡ. ನಮ್ಮ ದೇಶದ ಕಾಫಿಯ ವಿಶೇಷವೇ ಇದು, ನೆರಳಿನಲ್ಲಿ ಬೆಳೆಯುವುದು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮರ ಹತ್ತಿ ಕೊಂಬೆ ಸವರಿ ಗಿಡಕ್ಕೆ ಎಷ್ಟು ಬೆಳಕು ಬೇಕೋ ಅಷ್ಟನ್ನೇ ಬಿಡುತ್ತಾರೆ. ಇದಕ್ಕೆ ‘ಮರಗಸಿ’ ಎನ್ನುತ್ತಾರೆ. ಎತ್ತರದ ಮರದಲ್ಲಿ ನಿಂತು ಕತ್ತಿ ಬೀಸುವ ಈ ಕೆಲಸ ಗೊತ್ತಿರುವವರು ಈಗ ಕಡಿಮೆಯಾಗುತ್ತಿದ್ದಾರಂತೆ.

ಡಿಸೆಂಬರ್ ಎಂದರೆ ಅರೇಬಿಕಾ ಕೊಯ್ಲಿನ ಕಾಲ. ರೊಬಸ್ಟಾ ಹಣ್ಣಾಗುವುದು ಅದರ ನಂತರ. ಸೊಂಟಕ್ಕೆ ಚೀಲ ಕಟ್ಟಿಕೊಂಡ ಹೆಂಗಸರು ಸಾಲಿನಲ್ಲಿ ಹಣ್ಣು ಬಿಡಿಸುತ್ತಿದ್ದರು. ನಮ್ಮ ತುಮಕೂರಿನ ಗೆಳತಿ ಒಂದು ಕೊಂಬೆ ಹಿಡಿದು ಸರ್ರನೆ ಎಳೆಯಲು ಹೋದಾಗ ಅವರಲ್ಲೊಬ್ಬರು ತಡೆದರು. ‘ಹಂಗಲ್ಲ ಕಣಮ್ಮ, ಕೆಂಪನೇದು ಮಾತ್ರ ತಗೀಬೇಕು. ಹಸಿರು ಬಿಡು, ಅದು ಮುಂದಿನ ಸಲಕ್ಕೆ.’ ಅರೇಬಿಕಾ ಹಣ್ಣು ಒಂದೇ ಸಲ ಮಾಗುವುದಿಲ್ಲ. ಅದೇ ಗಿಡಕ್ಕೆ ಮೂರ್ನಾಲ್ಕು ಬಾರಿ ಬರಬೇಕು. ಹಸಿರು ಕಾಯಿ ಸೇರಿದರೆ ಕಾಫಿಯ ರುಚಿ ಕೆಡುತ್ತದೆ.

ಅಣ್ಣ ಒಂದು ಹಣ್ಣನ್ನು ಬೆರಳಲ್ಲಿ ಹಿಚುಕಿದರು. ಎರಡು ಬೀಜ ಜಾರಿ ಹೊರಬಂದವು. ಸಿಪ್ಪೆ ಚೀಪಿದರೆ ತೆಳು ಸಿಹಿ. ಸಿಪ್ಪೆಯನ್ನು ಪಲ್ಪರ್‌ನಲ್ಲಿ ತೆಗೆದು, ಲೋಳೆ ತೊಳೆದು ಒಣಗಿಸಿದರೆ ‘ಪಾರ್ಚ್‌ಮೆಂಟ್’. ಹಣ್ಣನ್ನು ಇಡಿಯಾಗಿ ಕಣದಲ್ಲಿ ಒಣಗಿಸಿದರೆ ‘ಚೆರ್ರಿ’. ಕೇಳಿದ್ದ ಪದಗಳೇ, ಆದರೆ ಅಂಗೈ ಮೇಲೆ ಕಂಡದ್ದು ಆಗಲೇ. ನಾವು ನಿಂತಲ್ಲೇ ಒಂದು ಲೆಕ್ಕ ಹಾಕಿದೆವು. ಒಂದು ಲೋಟ ಕಾಫಿಗೆ ಹತ್ತು ಗ್ರಾಂ ಪುಡಿ ಎಂದಿಟ್ಟುಕೊಂಡರೆ ಎಪ್ಪತ್ತೈದು, ಎಂಬತ್ತು ಬೀಜ ಬೇಕು. ಅಂದರೆ ಸುಮಾರು 40 ಹಣ್ಣು. ನಾಲ್ಕು ಗುಟುಕಿಗೆ 40 ಬಾರಿ ಯಾರದೋ ಬೆರಳು ಆಡಿರುತ್ತದೆ.

ಈ ಗಿಡ ಇಲ್ಲಿಗೆ ಬಂದದ್ದು 17ನೇ ಶತಮಾನದಲ್ಲಿ ಎನ್ನುತ್ತಾರೆ. ಹಜ್‌ ಯಾತ್ರೆಯಿಂದ ಮರಳುವಾಗ ಸಂತ ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟರು ಎಂಬ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಇವತ್ತು ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಬೆಳೆಯುವುದು ಕರ್ನಾಟಕದಲ್ಲೇ. ಇದೇ ಜಿಲ್ಲೆಯ ಬಾಳೆಹೊನ್ನೂರಿನಲ್ಲಿ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರ ನೂರು ವರ್ಷ ಪೂರೈಸಿದೆ.

ತೊರೆಯ ಬಂಡೆ ಮೇಲೆ ಕಾಫಿ

ಅಣ್ಣನ ಮನೆಯ ತೋಟದ ಕೊನೆಯಲ್ಲಿ ಒಂದು ತೊರೆ ಹರಿಯುತ್ತದೆ. ಅದರ ಪಕ್ಕ ಹುಲ್ಲು, ತರಗೆಲೆ ಯಾವುದೂ ಇಲ್ಲದ ಅಗಲ ಬಂಡೆ. ಅಲ್ಲಿ ಬ್ಯಾಗ್ ಇಳಿಸಿ ಪುಟ್ಟ ಗ್ಯಾಸ್ ಸ್ಟೌ, ಅಲ್ಯೂಮಿನಿಯಂ ಪಾತ್ರೆ, ಬಿಳಿ ಬಟ್ಟೆಯ ಸೋಸುಚೀಲ, ಎರಡು ಡಬ್ಬಿ ತೆಗೆದರು. ಒಂದು ಡಬ್ಬಿಯಲ್ಲಿ ಅಮ್ಮ ಹಿಂದಿನ ದಿನ ಬಾಣಲೆಯಲ್ಲಿ ಹುರಿದು ಪುಡಿ ಮಾಡಿಕೊಟ್ಟ ಕಾಫಿ. ಇನ್ನೊಂದರಲ್ಲಿ ಬೆಲ್ಲ. ಹಾಲು ಇಲ್ಲ.

‘ಹಾಲಿಲ್ಲದೆ ಕಾಫಿನಾ?’ ಎಂದ ಆಫರ್ ಲೆಟರ್ ಗೆಳೆಯ. ‘ತೋಟದ ಲೈನ್‌ಮನೆಗಳಲ್ಲಿ ಬೆಳಗಿನ ಜಾವ ಕುಡಿಯೋದು ಇದನ್ನೇ. ಒಂದ್ಸಲ ಕುಡಿರಿ, ಆಮೇಲೆ ಹೇಳಿ’ ಎಂದರು ಅಣ್ಣ.

ಮಾಡುವ ರೀತಿಯನ್ನು ಸುಮ್ಮನೆ ಕೂತು ನೋಡಿದೆವು. ಒಂದು ಲೀಟರ್ ನೀರು, ಅದಕ್ಕೆ ಬೆಲ್ಲ. ಬೆಲ್ಲ ಕರಗಿ ನೀರು ಮರಳುವವರೆಗೆ ಕಾಯಿಸಿದರು. ಮರಳಿದ ಕೂಡಲೇ ಪುಡಿ ಹಾಕಲಿಲ್ಲ. ಸ್ಟೌ ಆರಿಸಿ, ಪಾತ್ರೆ ಇಳಿಸಿ, ಅರ್ಧ ನಿಮಿಷ ಬಿಟ್ಟರು. ಆಮೇಲೆ ದೊಡ್ಡ ಚಮಚದಲ್ಲಿ ಆರು ಚಮಚ ಪುಡಿ. ಅವರ ಲೆಕ್ಕದಲ್ಲಿ ಲೀಟರಿಗೆ ಅರವತ್ತು ಗ್ರಾಂ. ಒಮ್ಮೆ ತಿರುಗಿಸಿ ಮುಚ್ಚಳ ಮುಚ್ಚಿದರು. ನಾಲ್ಕು ನಿಮಿಷ ಯಾರೂ ಮುಟ್ಟುವಂತಿಲ್ಲ. ಮುಚ್ಚಳ ತೆಗೆದಾಗ ಮೇಲೆ ತೇಲುತ್ತಿದ್ದ ಪುಡಿಯ ಮೇಲೆ ಒಂದು ಬೊಗಸೆ ತಣ್ಣೀರು ಚಿಮುಕಿಸಿದರು. ಪುಡಿ ತಳಕ್ಕೆ ಇಳಿಯಿತು. ಬಟ್ಟೆಯಲ್ಲಿ ಸೋಸಿ ಸ್ಟೀಲ್ ಲೋಟಕ್ಕೆ ಸುರಿದರು.

ಬಿ.ಎಸ್ಸಿ ಓದಿದ ಗೆಳತಿಗೆ ಪ್ರಶ್ನೆ ಹುಟ್ಟಿತು. ಪುಡಿ ಹಾಕಿ ಕುದಿಸಿದರೆ ಏನಾಗುತ್ತದೆ? ‘ಕಹಿ’ ಎಂದರು ಅಣ್ಣ. ಕಾರಣವನ್ನು ಅವಳೇ ವಿವರಿಸಿದಳು. ಕಾಫಿಯ ಪರಿಮಳ, ಹುಳಿ, ಸಿಹಿ ಬೇಗ ನೀರಿಗೆ ಇಳಿಯುತ್ತವೆ. ಕಹಿ, ಒಗರು ನಿಧಾನವಾಗಿ ಇಳಿಯುತ್ತವೆ. ಕುದಿಸುತ್ತಲೇ ಇದ್ದರೆ ಕೊನೆಗೆ ಅವೇ ಮೇಲುಗೈ ಪಡೆಯುತ್ತವೆ. ಕಾಫಿಗೆ 92ರಿಂದ 96 ಡಿಗ್ರಿ ಬಿಸಿ ಸರಿ. ಸಮುದ್ರಮಟ್ಟದಿಂದ 300 ಮೀಟರ್ ಏರಿದಂತೆಲ್ಲ ನೀರು ಕುದಿಯುವ ಬಿಸಿ ಸುಮಾರು ಒಂದು ಡಿಗ್ರಿ ಕಡಿಮೆಯಾಗುತ್ತದೆ. ಸಾವಿರ ಮೀಟರ್ ಆಸುಪಾಸಿನ ಮಲೆನಾಡಿನಲ್ಲಿ ನೀರು ಕುದಿಯುವುದೇ 97ರ ಹತ್ತಿರ. ಅರ್ಧ ನಿಮಿಷ ಇಳಿಸಿಟ್ಟರೆ ಬೇಕಾದ ಹದಕ್ಕೆ ಬಂದಿರುತ್ತದೆ. ಅಣ್ಣನ ಅಮ್ಮ ಥರ್ಮಾಮೀಟರ್ ನೋಡಿದವರಲ್ಲ. ‘ನೀರಿನ ಸದ್ದು ನಿಂತ ಮೇಲೆ ಹಾಕು’ ಎಂದು ಮಗನಿಗೆ ಹೇಳಿಕೊಟ್ಟಿದ್ದರು.

ನಾವು ಪೇಟೆಯಲ್ಲಿ ಕುಡಿಯುವ ಫಿಲ್ಟರ್ ಕಾಫಿಯಲ್ಲಿ ಚಿಕೋರಿ ಇರುತ್ತದೆ. ಅದೊಂದು ಗಿಡದ ಬೇರು. ಹುರಿದು ಪುಡಿ ಮಾಡಿ ಬೆರೆಸುತ್ತಾರೆ, ಡಿಕಾಕ್ಷನ್‌ ಗಟ್ಟಿಯಾಗಿ ಕಪ್ಪಗೆ ಬರುತ್ತದೆ. ನಿಯಮದ ಪ್ರಕಾರ ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರುವಂತಿಲ್ಲ, ಚಿಕೋರಿ ಎಷ್ಟಿದೆ ಎಂದು ಪ್ಯಾಕೆಟ್ ಮೇಲೆ ಬರೆಯಬೇಕು. ನಮ್ಮಲ್ಲಿ ಎಷ್ಟು ಜನ ಅದನ್ನು ಓದಿ ಕೊಳ್ಳುತ್ತೇವೆ?

ಬೆಲ್ಲದ ಕಾಫಿ ತೆಳ್ಳಗೆ, ಕೆಂಪುಕಪ್ಪಾಗಿ ಇತ್ತು. ಮೊದಲ ಗುಟುಕಿಗೆ ಆಫರ್ ಲೆಟರ್ ಗೆಳೆಯ ಏನೂ ಹೇಳಲಿಲ್ಲ. ಲೋಟ ಖಾಲಿ ಮಾಡಿ ಮತ್ತೆ ಮುಂದೆ ಚಾಚಿದ.

ಸ್ಟೌ ಇಲ್ಲಿಗೆ ಮುಗೀತು

ಕಾಫಿ ಮುಗಿದ ಮೇಲೆ ಅಣ್ಣ ಚರಟವನ್ನು ಗಿಡದ ಬುಡಕ್ಕೆ ಹಾಕಿ, ಪಾತ್ರೆ ತೊಳೆದು ಒರೆಸಿದರು. ಸ್ಟೌ, ಗ್ಯಾಸ್ ಕ್ಯಾನು, ಬೆಂಕಿಪೊಟ್ಟಣ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ಮನೆಗೆ ಹೊರಟಿದ್ದ ತಮ್ಮನ ಕೈಗೆ ಕೊಟ್ಟುಬಿಟ್ಟರು.

‘ಅಣ್ಣಾ, ಜಲಪಾತದ ಹತ್ರ ಇನ್ನೊಂದು ರೌಂಡ್ ಕಾಫಿ ಮಾಡೋಣ ಅಂದ್ಕೊಂಡಿದ್ವಿ!’ ಎಂದು ನಾವು ರಾಗ ಎಳೆದೆವು. ರೀಲ್ಸ್‌ಗಳಲ್ಲಿ ನೋಡುವುದು ಅದನ್ನೇ ತಾನೆ? ಹಿಂದೆ ಬಿಳಿ ಜಲಪಾತ, ಮುಂದೆ ಉರಿಯುವ ಸ್ಟೌ, ಮೇಲೆ ಆವಿ.

‘ಇಲ್ಲಿವರೆಗೆ ನಮ್ಮ ತೋಟ. ಆ ಕಲ್ಲು ದಾಟಿದ್ರೆ ಕಾಡು. ಅಲ್ಲಿ ಕಡ್ಡಿ ಗೀರೋ ಹಾಗಿಲ್ಲ’ ಎಂದರು. ಅರಣ್ಯದೊಳಗೆ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಆದರೆ ಅವರು ಕಾಯ್ದೆಯ ಮಾತಿಗೇ ನಿಲ್ಲಲಿಲ್ಲ. ಬಾಗಿ ಒಂದು ಹಿಡಿ ಹುಲ್ಲು ಕಿತ್ತು ಕೈಯಲ್ಲಿ ಮುರಿದು ತೋರಿಸಿದರು. ಅಕ್ಟೋಬರಿನಲ್ಲಿ ಹಸಿರಾಗಿದ್ದ ಹುಲ್ಲು ಡಿಸೆಂಬರಿಗೆ ಒಣಗಿ ಕರಡವಾಗಿತ್ತು. ‘ಜನವರಿ ಕಳೀಲಿ, ಇಡೀ ಗುಡ್ಡ ಹಿಂಗೇ ಆಗ್ತದೆ. ಗಾಳಿ ಬೇರೆ. ಒಂದು ಬೀಡಿ ತುಂಡು ಸಾಕು. ನಂದ್ಸೋಕೆ ಹೋಗೋರು ನಾವೇ, ಸೊಪ್ಪು ಹಿಡ್ಕೊಂಡು.’ ಈ ಗುಡ್ಡಗಳಿಗೆ ಬೆಂಕಿ ಬಿದ್ದಾಗ ಅಗ್ನಿಶಾಮಕ ವಾಹನ ಹತ್ತಲಾರದು. ಅರಣ್ಯ ಸಿಬ್ಬಂದಿ ಮತ್ತು ಊರವರು ಹಸಿರು ಸೊಪ್ಪು ಹಿಡಿದು ಬಡಿದು ಬಡಿದು ನಂದಿಸಬೇಕು. ಕಾಡಿನ ಕಾಫಿ ಎಂದು ನಾವು ಹುಡುಕುವ ಸುಖಕ್ಕೆ ಸರಿಯಾದ ಜಾಗ ಕಾಡಲ್ಲ, ಕಾಡಿನ ಅಂಚಿನ ತೋಟ. ಇಷ್ಟು ಗೊತ್ತಿದ್ದರೆ ಎರಡೂ ಉಳಿಯುತ್ತವೆ.

ಎರಡು ಸಮುದ್ರಗಳ ನೆತ್ತಿ

ಕಾಡಿನೊಳಗೆ ನೆರಳು ದಟ್ಟವಾಯಿತು. ತೇವದ ಕಡೆ ಉಂಬಳ ಹತ್ತುತ್ತವೆ ಎಂದು ಅಣ್ಣ ಮೊದಲೇ ಕಾಲಿಗೆ ಸುಣ್ಣ, ಹೊಗೆಸೊಪ್ಪಿನ ನೀರು ಸವರಿಸಿದ್ದರು. ಅವರು ನಿಂತಲ್ಲಿ ನಾವೂ ನಿಂತೆವು. ಮರದ ತೊಗಟೆಯಲ್ಲಿ ಕಾಟಿ ಮೈ ಉಜ್ಜಿದ ಗುರುತು, ಕೊಂಬೆಯಿಂದ ಕೊಂಬೆಗೆ ಹಾರುವ ಕೆಂಜಳಿಲು, ಎಲ್ಲಿಂದಲೋ ಮನುಷ್ಯರಂತೆ ಸಿಳ್ಳೆ ಹಾಕುವ ಮಲಬಾರ್ ವಿಸ್ಲಿಂಗ್ ಥ್ರಶ್. ನಮಗೆ ಹಸಿರು ಗೋಡೆಯಂತೆ ಕಂಡದ್ದರಲ್ಲಿ ಅವರು ಒಂದೊಂದನ್ನೇ ಬಿಡಿಸಿ ತೋರಿಸಿದರು.

ತೇಜಸ್ವಿಯವರ ‘ಕರ್ವಾಲೊ’ ಓದಿದವರಿಗೆ ಮಂದಣ್ಣ ನೆನಪಾಗಬೇಕು. ಊರವರ ಕಣ್ಣಿಗೆ ಕೆಲಸಕ್ಕೆ ಬಾರದವನಂತೆ ಕಾಣುವ, ಜೇನು ಹಿಡಿದುಕೊಂಡು ಕಾಡು ಸುತ್ತುವ ಹುಡುಗ. ಅವನಲ್ಲಿ ಹುಟ್ಟು ನಿಸರ್ಗ ವಿಜ್ಞಾನಿಯನ್ನು ಗುರುತಿಸಿದವರು ದೊಡ್ಡ ವಿಜ್ಞಾನಿ ಕರ್ವಾಲೊ. 1980ರಲ್ಲಿ ಬಂದ ಆ ಕಾದಂಬರಿಯ ಪ್ರಶ್ನೆ ಇನ್ನೂ ಹಳತಾಗಿಲ್ಲ. ಕಾಡು ಗೊತ್ತಿರುವ ಹುಡುಗನ ತಿಳಿವಳಿಕೆಗೆ ನಾವು ಯಾವ ಬೆಲೆ ಕೊಡುತ್ತೇವೆ?

ಕಾಡು ಮುಗಿದು ಹುಲ್ಲುಗಾವಲು ತೆರೆದುಕೊಂಡಾಗ ಎಲ್ಲರೂ ಒಂದು ಕ್ಷಣ ಮಾತು ನಿಲ್ಲಿಸಿದೆವು. ಎದುರಿಗೆ ರಾಣಿ ಝರಿಯ ಪ್ರಪಾತ. ಕೋಟೆ ಶತ್ರುಗಳ ವಶವಾದಾಗ ರಾಣಿ ಇಲ್ಲಿಂದ ಹಾರಿದಳು ಎಂಬ ಕಥೆ ಊರವರ ಬಾಯಲ್ಲಿದೆ. ಮೇಲೆ ಸುಮಾರು 1,500 ಮೀಟರ್ ಎತ್ತರದಲ್ಲಿ ಬಲ್ಲಾಳರಾಯನ ದುರ್ಗದ ಮುರಿದ ಗೋಡೆಗಳು. ಹೆಸರು ಹೊಯ್ಸಳ ಬಲ್ಲಾಳರನ್ನು ನೆನಪಿಸುತ್ತದೆ. ಕೋಟೆ ಗೋಡೆಯ ಮೇಲೆ ನಿಂತರೆ ಪಶ್ಚಿಮಕ್ಕೆ ದಕ್ಷಿಣ ಕನ್ನಡದ ಬಯಲು, ಪೂರ್ವಕ್ಕೆ ಅಲೆ ಅಲೆಯಾಗಿ ಮಲೆನಾಡು.

ಅಲ್ಲಿ ಅಣ್ಣ ನೀರಿನ ಬಾಟಲಿ ತೆಗೆದು ಕಲ್ಲಿನ ನೆತ್ತಿಯ ಮೇಲೆ ಒಂದಿಷ್ಟು ನೀರು ಸುರಿದರು. ಅರ್ಧ ಈಚೆ, ಅರ್ಧ ಆಚೆ ಹರಿಯಿತು. ‘ಈಚೆ ಹೋದದ್ದು ನೇತ್ರಾವತಿ ಸೇರಿ ಮಂಗಳೂರಲ್ಲಿ ಸಮುದ್ರಕ್ಕೆ. ಆಚೆ ಹೋದದ್ದು ಬಂಗಾಳಕೊಲ್ಲಿಗೆ.’ ಭೂಗೋಳದ ಪುಸ್ತಕದಲ್ಲಿ ‘ಜಲವಿಭಾಜಕ’ ಎಂದು ಬಾಯಿಪಾಠ ಮಾಡಿದ್ದು ಇದನ್ನೇ. ಇದೇ ಸೀಮೆಯ ಜಾವಳಿಯಲ್ಲಿ ಹೇಮಾವತಿ ಹುಟ್ಟುತ್ತದೆ. ಗೊರೂರು ಅಣೆಕಟ್ಟು ತುಂಬಿ, ಮುಂದೆ ಕೆಆರ್‌ಎಸ್‌ನಲ್ಲಿ ಕಾವೇರಿ ಸೇರುತ್ತದೆ. ಕಳಸದ ಕಡೆಯ ನೀರು ಭದ್ರೆಗೆ. ತುಮಕೂರಿನ ಗೆಳತಿ ಅದನ್ನು ಕೇಳಿ, ‘ನಮ್ಮನೆ ನಲ್ಲಿಗೆ ಬರೋದು ಹೇಮಾವತಿ ನೀರು ಕಣ್ರೋ’ ಎಂದಳು. ಗೊರೂರಿನ ಕಾಲುವೆಯ ನೀರೇ ತುಮಕೂರಿನವರು ಕುಡಿಯುವುದು.

ಹುಲ್ಲುಗಾವಲು ಬರೀ ಬೋಳುಗುಡ್ಡ ಅಲ್ಲ ಎಂದು ಅರ್ಥವಾಗುವುದು ಇಲ್ಲೇ. ಮಳೆಗಾಲದ ನೀರನ್ನು ಹುಲ್ಲಿನ ಬೇರು ಮತ್ತು ಕಣಿವೆಯ ಶೋಲಾ ಕಾಡು ಹೀರಿ ಹಿಡಿದಿಡುತ್ತವೆ, ಆಮೇಲೆ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಬಿಡುತ್ತವೆ. ಮಳೆ ನಿಂತು ಎರಡು ತಿಂಗಳಾದರೂ ಜಲಪಾತದಲ್ಲಿ ನೀರಿರುವುದು ಹೀಗೆ. ಹುಲ್ಲು ಸುಟ್ಟರೆ, ಮಣ್ಣು ಸಡಿಲವಾದರೆ, ಮಳೆ ಬಂದ ದಿನವೇ ಎಲ್ಲ ಕೊಚ್ಚಿಹೋಗುತ್ತದೆ. 2019ರ ಆಗಸ್ಟಿನ ಮಳೆಗೆ ಚಾರ್ಮಾಡಿ ಘಾಟಿ ಅಲ್ಲಲ್ಲಿ ಕುಸಿದು ತಿಂಗಳುಗಟ್ಟಲೆ ವಾಹನ ನಿಂತಿದ್ದನ್ನು, ಮೂಡಿಗೆರೆ ತಾಲ್ಲೂಕಿನಲ್ಲಿ ಜನ ಮನೆ, ತೋಟ ಕಳೆದುಕೊಂಡದ್ದನ್ನು ಈ ಕಡೆಯವರು ಮರೆತಿಲ್ಲ.

ಬಂಡಾಜೆಯ ತುದಿಯಲ್ಲಿ

ಕೋಟೆಯಿಂದ ಹುಲ್ಲುಗುಡ್ಡದ ಅಂಚಿನಲ್ಲೇ ಇಳಿದು ಏರಿ ಬಂಡಾಜೆ ತಲುಪಿದಾಗ ಮಧ್ಯಾಹ್ನ. ಇದನ್ನು ‘ಬಂಡಾಜೆ ಅರ್ಬಿ’ ಎಂದೂ ಕರೆಯುತ್ತಾರೆ. ತುಳುವಿನಲ್ಲಿ ಅರ್ಬಿ, ಘಟ್ಟದ ಮೇಲಿನವರ ಬಾಯಲ್ಲಿ ಅಬ್ಬಿ. ಎರಡೂ ಜಲಪಾತವೇ. ಮಡಿಕೇರಿಯ ಅಬ್ಬಿಯನ್ನು ಇಂಗ್ಲಿಷ್ ಬೋರ್ಡುಗಳು ‘ಅಬ್ಬೇ ಫಾಲ್ಸ್’ ಮಾಡಿವೆ, ಅದರ ಅರ್ಥ ‘ಜಲಪಾತ ಜಲಪಾತ’ ಎಂದಷ್ಟೇ!

ಮೇಲಿನಿಂದ ಬಂದವರಿಗೆ ಕಾಣುವುದು ಜಲಪಾತದ ನೆತ್ತಿ. ಬಂಡೆಗಳ ಮೇಲೆ ತೆಳ್ಳಗೆ ಹರಿದು ಬಂದ ನೀರು ಅಂಚಿನಲ್ಲಿ ತಟ್ಟನೆ ಮಾಯವಾಗುತ್ತದೆ. ಅಲ್ಲಿಂದ ಕೆಳಗೆ ಸುಮಾರು 200 ಅಡಿ. ಗಾಳಿ ಬೀಸಿದಾಗ ಕೆಳಗಿನ ತುಂತುರು ಮೇಲೆ ಬಂದು ಮುಖಕ್ಕೆ ಹೊಡೆಯುತ್ತಿತ್ತು.

ನಮ್ಮಲ್ಲಿ ಇಬ್ಬರು ಮೊಬೈಲ್ ಹಿಡಿದು ಅಂಚಿನ ಕಡೆ ಹೊರಟರು. ಅಲ್ಲಿವರೆಗೆ ನಗುನಗುತ್ತಾ ಇದ್ದ ಅಣ್ಣನ ದನಿ ಬದಲಾಯಿತು. ‘ಅಲ್ಲೇ ನಿಲ್ಲಿ. ಆ ಒದ್ದೆ ಗೆರೆ ದಾಟಬೇಡಿ.’ ಇಬ್ಬರೂ ನಿಂತರು. ಅವರು ಬಂಡೆಯ ಮೇಲಿನ ಕಪ್ಪು ಪಟ್ಟಿ ತೋರಿಸಿದರು. ಒಣಗಿದಂತೆ ಕಾಣುವ ಪಾಚಿ, ಮೇಲೆ ತುಂತುರು ಬಿದ್ದರೆ ಸೋಪಿನಂತೆ ಜಾರುತ್ತದೆ. ಮಳೆಗಾಲದಲ್ಲಾದರೆ ಇನ್ನೊಂದು ಅಪಾಯ. ನಾವು ನಿಂತಲ್ಲಿ ಬಿಸಿಲಿರಬಹುದು, ಮೇಲಿನ ಗುಡ್ಡದಲ್ಲಿ ಮಳೆ ಸುರಿದಿರಬಹುದು. ನೀರು ಕೆಂಪಗಾದರೆ, ಎಲೆ, ಕಡ್ಡಿ ತೇಲಿ ಬಂದರೆ ಆ ಕ್ಷಣವೇ ಮೇಲಕ್ಕೆ ಬರಬೇಕು.

‘ಮೂರು ವರ್ಷದ ಹಿಂದೆ ಬೇರೆ ಕಡೆ ಒಂದು ಅಬ್ಬಿಯಲ್ಲಿ ಹುಡುಗನ್ನ ಹಗ್ಗ ಕಟ್ಟಿ ಮೇಲೆತ್ತೋಕೆ ನಾನೂ ಹೋಗಿದ್ದೆ’ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವರಪ್ಪ ದಡದಲ್ಲಿ ಕೂತಿದ್ರು. ಆ ಮುಖ ಇನ್ನೂ ಹೋಗಿಲ್ಲ’ ಎಂದರು. ನಾವ್ಯಾರೂ ಮತ್ತೆ ಅಂಚಿನ ಮಾತೆತ್ತಲಿಲ್ಲ.

2023ರ ಜುಲೈನಲ್ಲಿ ಕೊಲ್ಲೂರು ಬಳಿಯ ಅರಿಶಿನಗುಂಡಿ ಜಲಪಾತದಲ್ಲಿ ಬಂಡೆಯ ಮೇಲೆ ನಿಂತು ವಿಡಿಯೊ ಮಾಡಿಸಿಕೊಳ್ಳುತ್ತಿದ್ದ ಯುವಕನೊಬ್ಬ ಕಾಲು ಜಾರಿ ಕೊಚ್ಚಿಹೋದದ್ದು ನಮಗೆಲ್ಲ ನೆನಪಿದೆ. ಆ ವಿಡಿಯೊ ಎಲ್ಲರ ಮೊಬೈಲಿಗೂ ಬಂತು. ಅವನೂ ನಮ್ಮ ವಯಸ್ಸಿನವನೇ. ‘ನಿಲ್ಲು’ ಎನ್ನುವ ಒಂದು ದನಿ, ಅದನ್ನು ಕೇಳುವ ಮನಸ್ಸು, ಇವೆರಡು ಇದ್ದರೆ ಇಂಥ ಸಾವುಗಳಲ್ಲಿ ಹೆಚ್ಚಿನವು ತಪ್ಪುತ್ತವೆ. ಗೈಡ್‌ಗೆ ಕೊಡುವ ದುಡ್ಡಿನ ದೊಡ್ಡ ಪಾಲು ಆ ದನಿಗೆ.

ಇದೊಂದು ಕೆಲಸವೇ?

ಬುತ್ತಿ ಬಿಚ್ಚಿ ಕೂತಾಗ ಆಫರ್ ಲೆಟರ್ ಗೆಳೆಯ ನೇರವಾಗಿ ಕೇಳಿದ. ‘ಅಣ್ಣಾ, ಇದರಲ್ಲಿ ಜೀವನ ನಡೆಯುತ್ತಾ?’

ಅಣ್ಣ ಮುಚ್ಚುಮರೆ ಮಾಡಲಿಲ್ಲ. ಚಾರಣದ ಸೀಸನ್ ಅಕ್ಟೋಬರಿನಿಂದ ಜನವರಿವರೆಗೆ, ಅದರಲ್ಲೂ ವಾರಾಂತ್ಯ ಮಾತ್ರ. ಮಳೆ ಜೋರಾದರೆ ದಾರಿ ಬಂದ್, ಬೇಸಿಗೆಯಲ್ಲಿ ಬೆಂಕಿಯ ಭಯಕ್ಕೆ ಬಂದ್. ವರ್ಷಕ್ಕೆ ನೂರು ದಿನವೂ ಕೆಲಸ ಸಿಗುವುದಿಲ್ಲ. ಹಾಗಾಗಿ ಗೈಡ್ ಕೆಲಸವೊಂದನ್ನೇ ನಂಬಿದರೆ ಕಷ್ಟ. ತೋಟ, ಕಾಳುಮೆಣಸು, ಪರಿಚಯದ ಹೋಮ್‌ಸ್ಟೇಗೆ ಅತಿಥಿಗಳನ್ನು ಕಳಿಸುವುದು, ಈಗ ಹೊಸದಾಗಿ ಅಮ್ಮ ಹುರಿದ ಕಾಫಿಪುಡಿಯ ಪುಟ್ಟ ಪ್ಯಾಕೆಟ್ ಮಾರಾಟ, ಎಲ್ಲ ಸೇರಿದರೆ ಬದುಕು ನಡೆಯುತ್ತದೆ. ‘ಬೆಂಗಳೂರಲ್ಲಿ ಸಂಬಳ ಜಾಸ್ತಿ ಇತ್ತು. ರೂಮ್ ಬಾಡಿಗೆ, ಊಟ ಕಳೆದ್ರೆ ಕೈಗೆ ಉಳೀತಿದ್ದದ್ದು ಇಷ್ಟೇ’ ಎಂದು ನಕ್ಕರು. ಬೇಸರದ ಸಂಗತಿಯನ್ನೂ ಹೇಳಿದರು. ಇಡೀ ಹಗಲು ಕರೆದುಕೊಂಡು ಹೋಗಿ ಬಂದ ಮೇಲೆ, ಹೇಳಿದ ದುಡ್ಡಿನಲ್ಲಿ ಇನ್ನೂರು ಕಮ್ಮಿ ಮಾಡಿ ಎಂದು ಚೌಕಾಸಿ ಮಾಡುವವರು ಇದ್ದಾರೆ. ಅದೇ ಜನ ಬೆಂಗಳೂರಿನ ಕೆಫೆಯಲ್ಲಿ ಒಂದು ಕಪ್ ಕಾಫಿಗೆ ಇನ್ನೂರು ಕೊಡುವಾಗ ಚೌಕಾಸಿ ಮಾಡುತ್ತಾರೆಯೇ?

ಈ ಕ್ಷೇತ್ರದಲ್ಲಿ ಆಸಕ್ತಿ ಇರುವವರಿಗೆ ದಾರಿಗಳು ಇಲ್ಲದಿಲ್ಲ. ಬೆಂಗಳೂರಿನಲ್ಲಿರುವ ಕಾಫಿ ಮಂಡಳಿ ‘ಕಾಪಿ ಶಾಸ್ತ್ರ’ ಎಂಬ ಕಿರು ತರಬೇತಿ ನಡೆಸುತ್ತದೆ. ಹುರಿಯುವುದು, ಬೆರೆಸುವುದು, ಕಾಯಿಸುವುದು ಎಲ್ಲ ಅದರಲ್ಲಿ ಬರುತ್ತದೆ. ಕಾಫಿ ಗುಣಮಟ್ಟ ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾವೂ ಇದೆ. ವಿಜ್ಞಾನ ಅಥವಾ ಕೃಷಿ ಪದವೀಧರರು ಅದರ ಅರ್ಹತೆಯ ವಿವರ ನೋಡಬಹುದು. ಚಾರಣ, ಶಿಲಾರೋಹಣ ಕಲಿಯಲು ರಾಜ್ಯದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ಹಕ್ಕಿ, ಪ್ರಾಣಿ ಗುರುತಿಸುವ ಕಣ್ಣಿದ್ದರೆ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್‌ನಂಥ ಸರ್ಕಾರಿ ಸಂಸ್ಥೆಯಲ್ಲೂ, ಖಾಸಗಿ ರೆಸಾರ್ಟುಗಳಲ್ಲೂ ನ್ಯಾಚುರಲಿಸ್ಟ್ ಕೆಲಸವಿದೆ. ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟ್ ಎಲ್ಲಿ ಹೋದರೂ ಉಪಯೋಗಕ್ಕೆ ಬರುತ್ತದೆ. ಅಣ್ಣನ ಸಲಹೆ ಇನ್ನೂ ಸರಳ. ‘ನಿಮ್ಮೂರಿನ ಹತ್ತು ಮರ, ಹತ್ತು ಹಕ್ಕಿಯ ಹೆಸರು ಮೊದಲು ಕಲೀರಿ. ಇಂಗ್ಲಿಷ್ ಹೆಸರೂ ಕಲೀರಿ, ಕನ್ನಡದ್ದೂ ಕಲೀರಿ. ಬಂದವರು ಕೇಳೋದು ಅದನ್ನೇ.’

ಹೊರಡುವವರಿಗೆ ನಾಲ್ಕು ಮಾತು

2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತದಲ್ಲಿ ಸಾವಿರಾರು ಚಾರಣಿಗರು ಸಾಲುಗಟ್ಟಿದ ಚಿತ್ರ ನೋಡಿರುತ್ತೀರಿ. ಅದಾದ ಮೇಲೆ ಆನ್‌ಲೈನ್‌ ಬುಕಿಂಗ್ ಇಲ್ಲದ ಚಾರಣಗಳಿಗೆ ಸರ್ಕಾರ ತಡೆ ಹಾಕಿತು. ಈಗ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ದಾರಿ ತೆರೆದಿದೆಯೇ, ಎಷ್ಟು ಶುಲ್ಕ ಎಂದು ನೋಡಿ, ಬುಕ್ ಮಾಡಿಯೇ ಹೊರಡಿ. ಗುರುತಿನ ಚೀಟಿ ಜೊತೆಗಿರಲಿ.

ದುರ್ಗ ಮತ್ತು ಬಂಡಾಜೆ ಎರಡನ್ನೂ ನೋಡಿ ಬರಲು ಇಡೀ ಹಗಲು ಬೇಕು. ಬೆಳಿಗ್ಗೆ ಬೇಗ ಹೊರಡಿ. ತಲಾ ಎರಡು, ಮೂರು ಲೀಟರ್ ನೀರು, ಬುತ್ತಿ, ಟೋಪಿ, ಹಿಡಿತವಿರುವ ಶೂ ಇರಲಿ. ಹವಾಯಿ ಚಪ್ಪಲಿಯಲ್ಲಿ ಗುಡ್ಡ ಹತ್ತುವುದು ಅಣ್ಣನಿಗೆ ಮಾತ್ರ ಸಾಧ್ಯ! ಹುಲ್ಲುಗಾವಲಿನಲ್ಲಿ ನೆರಳಿಲ್ಲ, ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ಹೊಯ್ದಾಡುವ ಮಳೆಯ ದಿನಗಳಲ್ಲಿ ಜಲಪಾತದ ಆಸೆ ಬಿಟ್ಟು ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿಂದು ಬನ್ನಿ.

ಕಾಫಿ ಕಾಯಿಸುವ ಆಸೆ ಇದ್ದರೆ ಗೈಡ್‌ಗೆ ಮೊದಲೇ ತಿಳಿಸಿ, ತೋಟದ ಮಾಲೀಕರ ಒಪ್ಪಿಗೆ ಪಡೆದು, ತೋಟದ ಕಣದಲ್ಲೋ ಬಂಡೆಯ ಮೇಲೋ ಕಾಯಿಸಿ. ಸ್ಟೌ ಅಲ್ಲೇ ಬಿಟ್ಟು ಕಾಡಿಗೆ ಕಾಲಿಡಿ. ಕೊಯ್ಲು ಮಾಡುವವರ ಜೊತೆ ಐದು ನಿಮಿಷ ಮಾತಾಡಿ, ಅವರ ಫೋಟೊ ತೆಗೆಯುವ ಮುನ್ನ ಕೇಳಿ. ಬೇಕೆನಿಸಿದರೆ ಕಾಫಿಪುಡಿಯನ್ನು ಅಲ್ಲೇ, ಬೆಳೆದವರ ಕೈಯಿಂದಲೇ ಕೊಳ್ಳಿ. ತಂದ ಪ್ಲಾಸ್ಟಿಕ್ ವಾಪಸ್ ತನ್ನಿ. ಸಂಜೆ ದುಡ್ಡು ಕೊಡುವಾಗ ಮಾತಾಡಿದಷ್ಟನ್ನೂ ಕೊಡಿ. ನಮ್ಮ ಏಳು ಜನರಲ್ಲಿ ಹಂಚಿದಾಗ ಅದು ತಲೆಗೆ ಒಂದು ಸಿನಿಮಾ ಟಿಕೆಟ್ಟಿನಷ್ಟೂ ಆಗಿರಲಿಲ್ಲ.